ಡೋಣಿಯ ಮರಳು

ನಮ್ಮ ಮನೆಯಲ್ಲಿ ನಾನು ಒಂದು ಕಡೆ ನೆಟ್ಟಗೆ ಕುಳಿತದ್ದು ಯಾರಿಗೂ ನೆನಪಿಲ್ಲ. ಊಟಕ್ಕೆ ಕುಳಿತಾಗಲೂ ಒಂದು ಮೊಣಕಾಲು ಎತ್ತಿಕೊಂಡೇ ಇರುತ್ತಿದ್ದೆ, ಹೊರಗೆ ಯಾರೋ ನನಗಾಗಿ ಕಾಯುತ್ತಿದ್ದಾರೆ ಎನ್ನುವ ಹಾಗೆ. ಯಾರೂ ಕಾಯುತ್ತಿರಲಿಲ್ಲ. ವಿಜಯಪುರದ ಕೋಟೆಗೋಡೆ ದಾಟಿ ಟಿಕೋಟಾ ರಸ್ತೆ ಹಿಡಿದರೆ ಎಡಕ್ಕೆ ನಮ್ಮ ಮನೆ. ಮುಂದೆ ಪಡಸಾಲೆ, ಒಳಗೆ ಒಂದೇ ಕೋಣೆ, ಅದರ ಮೂಲೆಯಲ್ಲಿ ಒಲೆ, ಹಿಂದೆ ದೊಡ್ಡ ಹಿತ್ತಲು. ಹಿತ್ತಲಲ್ಲಿ ಸುಣ್ಣದ ಭಟ್ಟಿ. ಅಪ್ಪ ಸುಣ್ಣ ಸುಡುವವನು. ಹೊಲಗಳಲ್ಲಿ ಸಿಗುವ ಸುಣ್ಣದ ಹರಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು, ಸುಟ್ಟು, ನೀರು ಹೊಯ್ದು ಅರಳಿಸಿ, ಆಳವಾದ ತೆಗ್ಗುಗಳಲ್ಲಿ ಮುಚ್ಚಿಡುತ್ತಿದ್ದ. ಗಾಳಿ ಬೀಸಿದರೆ ಸುಣ್ಣದ ಧೂಳು ಮನೆಯೊಳಗೇ ಬರುತ್ತಿತ್ತು. ನಮ್ಮ ಎತ್ತುಗಳ ಕಣ್ರೆಪ್ಪೆ ಕೂಡ ಬೆಳ್ಳಗಿದ್ದವು. ಸಾಲೆಯಲ್ಲಿ ಹುಡುಗರು ನನ್ನ ತಲೆಗೂದಲು ನೋಡಿ ಮುದುಕಪ್ಪ ಎಂದು ಕರೆಯುತ್ತಿದ್ದರು. ನಾಲ್ಕನೆಯ ಇಯತ್ತೆಗೆ ನಾನು ಸಾಲೆ ಬಿಟ್ಟದ್ದಕ್ಕೆ ಅದೇ ಕಾರಣ ಎಂದು ಬಹಳ ದಿನ ಹೇಳಿಕೊಂಡೆ. ನಿಜವಾದ ಕಾರಣ, ಅಲ್ಲಿಯೂ ಕುಳಿತಿರಬೇಕಿತ್ತು.

ಸುಣ್ಣ ಅರಳಿಸುವ ದಿನ ಅವ್ವ ತೆಗ್ಗಿನ ದಂಡೆಗೆ ಅರಿಶಿನ ಕುಂಕುಮ ಇಟ್ಟು, ಮೊಸರನ್ನದ ಎಡೆ ಹಿಡಿಯುತ್ತಿದ್ದಳು. ನೀರು ಬಿದ್ದ ಹರಳು ಬುಸುಗುಟ್ಟಿ ಕುದಿಯುವಾಗ ಮನೆಯಲ್ಲಿ ಯಾರೂ ಜಗಳ ಆಡಬಾರದು ಎಂಬುದು ಅವಳ ಕಟ್ಟಳೆ. ಹೀಗಾಗಿ ಆ ದಿನವೇ ಎಲ್ಲರಿಗೂ ಜಗಳ ನೆನಪಾಗುತ್ತಿತ್ತು. ನಾನೂ ತಂಗಿ ಕಸ್ತೂರಿಯೂ ತೆಗ್ಗಿನ ಆಚೆ ಈಚೆ ನಿಂತು, ಬಾಯಿ ಬಿಡದೆ, ಕಣ್ಣಿನಲ್ಲೇ ಬೈದಾಡುತ್ತಿದ್ದೆವು. ಅವಳು ನನಗಿಂತ ಎರಡು ವರ್ಷ ಚಿಕ್ಕವಳು. ಅವಳಿಗೆ ಒಂದು ಕಡೆ ಕುಳಿತುಕೊಳ್ಳುವುದು ಗೊತ್ತಿತ್ತು. ದಸರೆ ಬಂತೆಂದರೆ ಪಡಸಾಲೆಯ ಗೋಡೆಗೆ ಕೆಮ್ಮಣ್ಣು ಸಾರಿಸಿ, ಸುಣ್ಣದಲ್ಲಿ ಬೆರಳದ್ದಿ ಗಿಳಿ, ಜೋಳದ ತೆನೆ, ಎತ್ತು ಬರೆಯುತ್ತ ಮುಂಜಾನೆಯಿಂದ ಸಂಜೆಯವರೆಗೆ ಅಲ್ಲಿಂದ ಏಳುತ್ತಿರಲಿಲ್ಲ. ನಾನು ಆ ಹೊತ್ತಿನಲ್ಲಿ ರಸ್ತೆಗೆ ಹೋಗಿ ಲಾರಿ ನೋಡುತ್ತಿದ್ದೆ.

ಪರದೇಶದ ಬಾಯಿಯೊಬ್ಬಳು ನಮ್ಮ ಮನೆಗೆ ಬಂದದ್ದು ನಮ್ಮ ತೆಗ್ಗಿನ ಸಲುವಾಗಿ. ಊರಿನ ಒಂದು ಸಣ್ಣ ಚರ್ಚಿನ ಹಿರಿಯ ಸಾಮುವೇಲಪ್ಪ, ಆ ಚರ್ಚಿನ ಗೋಡೆಗೆ ಚಿತ್ರ ಬರೆಸಲು ಕರೆಸಿದ್ದ ಆಕೆಯನ್ನು ಕರೆತಂದ. ಎತ್ತರದ ಹೆಂಗಸು, ಐವತ್ತು ದಾಟಿರಬೇಕು. ಗಿಡ್ಡ ಕತ್ತರಿಸಿದ ನರೆಗೂದಲು, ಗಂಡಸರ ಅಂಗಿ, ಕೆಳಗೆ ದಪ್ಪ ಬಟ್ಟೆಯ ಲಂಗ, ಕಾಲಲ್ಲಿ ನಮ್ಮೂರಿನದೇ ಚಪ್ಪಲಿ. ಹೆಸರು ಗೆರ್ಟ್ರೂಡ್. ಅವ್ವನ ಬಾಯಲ್ಲಿ ಅದು ಹೊರಳದೆ ಅಂದೇ ಗಿರಿಜಾಬಾಯಿ ಆಯಿತು. ಹುಟ್ಟಿದ್ದು ಜರ್ಮನಿಯಲ್ಲಿ, ಬೆಳೆದದ್ದು ಅಮೆರಿಕದಲ್ಲಿ, ಕೆಲಸ ಚರ್ಚುಗಳ ಗೋಡೆಗೆ ಚಿತ್ರ ಬರೆಯುವುದು. ಧಾರವಾಡದಲ್ಲಿ ಒಂದಿಷ್ಟು ಕಾಲ ಇದ್ದು ಪುಸ್ತಕದಿಂದ ಕನ್ನಡ ಕಲಿತಿದ್ದಳು. ಅವಳು ಮಾತಾಡಿದರೆ ಸಾಲೆಯ ಪಾಠ ಕೇಳಿದ ಹಾಗಾಗುತ್ತಿತ್ತು.

“ನಿಮ್ಮ ಸುಣ್ಣವು ಎಷ್ಟು ಹಳೆಯದು?” ಎಂದು ಅಪ್ಪನನ್ನು ಕೇಳಿದಳು.

ಅಪ್ಪ ಸಾಮುವೇಲಪ್ಪನ ಮುಖ ನೋಡಿದ. “ಬಾಯಾರು ಹಳೇದು ಕೇಳಾಕತ್ಯಾರೋ, ಹೊಸಾದು ಕೇಳಾಕತ್ಯಾರೋ?”

“ಹಳೇದs ಬೇಕಂತ. ಎಷ್ಟು ಹಳೇದಾದ್ರ ಅಷ್ಟು ಚಲೋ ಅಂತ.”

“ಹಂಗಾದ್ರ ನಮ್ಮ ಕಸ್ತೂರಿ ಹಾಲಹಲ್ಲು ಬಿದ್ದಾಗ ಹಾಕಿದ್ದು ಒಂದು ತೆಗ್ಗಿನ್ಯಾಗ ಐತಿ ನೋಡ್ರಿ. ಮಂದಿ ಎಲ್ಲಾ ಸಿಮೆಂಟ್ ಹಿಂದ ಓಡಿದ್ರು, ಅದನ್ನ ಯಾರೂ ಒಯ್ಯಲಿಲ್ಲ.”

ಮುಚ್ಚಿದ ಹಲಗೆ ತೆಗೆಸಿ, ಅವಳು ಅಂಗಿಯ ತೋಳು ಮಡಚಿ ಮೊಣಕೈವರೆಗೆ ಕೈ ಇಳಿಬಿಟ್ಟಳು. ಮೇಲೆ ಬಂದ ಸುಣ್ಣ ಬೆಣ್ಣೆಯ ಹಾಗೆ ಬೆರಳಿಗೆ ಅಂಟಿಕೊಂಡಿತ್ತು. ಅದನ್ನು ಮೂಸಿ ನೋಡಿದಳು, ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಆಮೇಲೆ ಅವಳ ಕಣ್ಣು ಪಡಸಾಲೆಯ ಗೋಡೆಯ ಮೇಲಿನ ಗಿಳಿಗಳ ಕಡೆಗೆ ಹೋಯಿತು. ಯಾರು ಬರೆದದ್ದು ಎಂದಳು. ಅಪ್ಪ ಕಸ್ತೂರಿಯ ಕಡೆ ಗದ್ದ ತೋರಿಸಿದ. ಗಿರಿಜಾಬಾಯಿ ಸುಣ್ಣದ ಕೈಯಲ್ಲೇ ಅವಳ ಕೈ ಹಿಡಿದು ತಿರುಗಿಸಿ ನೋಡಿದಳು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ. ಸುಣ್ಣದ ಜೊತೆ ಹುಡುಗಿಯೂ ಬೇಕು ಎಂದು ಆ ಹೊತ್ತಿಗೇ ಮಾತಾಯಿತು.

ಆ ಕೆಲಸದ ರೀತಿ ನಾವು ಕಂಡದ್ದಲ್ಲ. ಒಣಗಿದ ಗೋಡೆಗೆ ಬಣ್ಣ ಬಳಿಯುವುದಲ್ಲ ಅದು. ಸುಣ್ಣ ಮತ್ತು ಮರಳು ಕಲಸಿದ ಹಸಿ ಗಾರೆಯನ್ನು ಆ ದಿನ ಬರೆಯುವಷ್ಟು ಜಾಗಕ್ಕೆ ಮಾತ್ರ ಮೆತ್ತಬೇಕು, ಅದು ಆರುವ ಮೊದಲು ನೀರಿನಲ್ಲಿ ಅರೆದ ಮಣ್ಣಿನ ಬಣ್ಣಗಳಿಂದ ಬರೆದು ಮುಗಿಸಬೇಕು. ಆಮೇಲೆ ಸುಣ್ಣವೇ ಬಣ್ಣವನ್ನು ಕಚ್ಚಿಕೊಂಡು ಕಲ್ಲಾಗುತ್ತದೆ. ತಪ್ಪಿದರೆ ಒರೆಸಲು ಬರುವುದಿಲ್ಲ, ಕೆತ್ತಿ ತೆಗೆಯಬೇಕು. ಕಸ್ತೂರಿಗೆ ಮೊದಲು ಗಾರೆ ಕಲಸುವ ಕೆಲಸ ಸಿಕ್ಕಿತು, ಆಮೇಲೆ ಮೆತ್ತುವುದು, ಆಮೇಲೆ ಗಿರಿಜಾಬಾಯಿಯ ಪಕ್ಕದಲ್ಲೇ ಅಟ್ಟಣಿಗೆ ಹತ್ತಿ ಹೊಲದ ತೆನೆಗಳಿಗೆ ಬಣ್ಣ ತುಂಬುವುದು. ಸಂಜೆ ಮನೆಗೆ ಬಂದರೆ ಅವಳ ಉಗುರಿನಲ್ಲಿ ಹಳದಿ ಮಣ್ಣು ಇರುತ್ತಿತ್ತು, ಅವಳು ಅದನ್ನು ತೊಳೆಯುತ್ತಿರಲಿಲ್ಲ.

ಗಿರಿಜಾಬಾಯಿ ಮಧ್ಯಾಹ್ನ ನಮ್ಮ ಮನೆಗೇ ಊಟಕ್ಕೆ ಬರತೊಡಗಿದಳು. ಕಾಲು ಮಡಚಲು ಬಾರದೆ ಒಲೆಯ ಮುಂದೆ ಎರಡೂ ಕಾಲು ಚಾಚಿ ಕೂಡುತ್ತಿದ್ದಳು. ಅವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು, ಅವಳು ಪುಂಡಿಪಲ್ಲೆಗೆ ರೊಟ್ಟಿ ಅದ್ದುತ್ತ ಹೇಳುತ್ತಿದ್ದಳು. ಅವಳ ಅಪ್ಪ ಬ್ರೆಡ್ಡು ಸುಡುವವನಂತೆ. ಇವಳು ಸಣ್ಣವಳಿದ್ದಾಗ ಹಡಗು ಹತ್ತಿ ಅಮೆರಿಕಕ್ಕೆ ಹೋದರಂತೆ. ಅಲ್ಲಿ ಗೋಧಿ ಬೆಳೆಯುವ ಸಣ್ಣ ಸಣ್ಣ ಊರುಗಳು, ಊರಿಗೊಂದು ಚರ್ಚು. ಮೊದಲನೆಯ ಚರ್ಚಿನಲ್ಲಿ ಹೆಂಗಸು ಅಟ್ಟಣಿಗೆ ಹತ್ತಬಾರದೆಂದು ಗಂಡಸರು ಏಣಿ ಎತ್ತಿಟ್ಟರಂತೆ. ಇವಳು ದಿನವಿಡೀ ಕೆಳಗೆ ಕುಳಿತು ಆ ಗಂಡಸರ ಮುಖಗಳನ್ನೇ ಕಾಗದದ ಮೇಲೆ ಬರೆದುಕೊಂಡು, ಏಣಿ ಸಿಕ್ಕ ಮೇಲೆ ಅವರನ್ನೆಲ್ಲ ನರಕದ ಬಾಗಿಲ ಮುಂದೆ ಸಾಲಾಗಿ ನಿಲ್ಲಿಸಿದಳಂತೆ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ನಕ್ಕಳು. ಇನ್ನೊಂದು ಊರಿನಲ್ಲಿ, ಯುದ್ಧದ ಕಾಲಕ್ಕೆ, ಜರ್ಮನ್ ಹೆಸರಿನವಳು ಬರೆದ ಗೋಡೆ ನಮಗೆ ಬೇಡ ಎಂದು ಇಡೀ ಗೋಡೆಗೆ ಸುಣ್ಣ ಬಳಿದರಂತೆ.

“ಎಂಥಾ ಸುಣ್ಣಾರಿ?” ಎಂದ ಅಪ್ಪ.

“ಕೆಟ್ಟ ಸುಣ್ಣ,” ಎಂದಳು ಅವಳು.

“ಅತ್ತೀರೇನ್ರಿ ನೀವು?” ಕಸ್ತೂರಿ ಕೇಳಿದಳು.

“ಇಲ್ಲ. ನಾನು ಮುಂದಿನ ಊರಿಗೆ ಹೋದೆನು.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನಗೆ ಆ ಮಾತು ಚುಚ್ಚಿತು. ಮುಂದಿನ ಊರಿಗೆ ಹೋದೆನು. ಎಷ್ಟು ಸಲೀಸು. ಕಸ್ತೂರಿಯೂ ಅದನ್ನು ಕೇಳಿದಳು ಎಂಬುದನ್ನು ಅವಳ ಮುಖ ನೋಡಿ ತಿಳಿದೆ. ಹೋಗಬೇಕು ಎಂದು ದಿನಕ್ಕೆ ನೂರು ಸಲ ಅಂದುಕೊಳ್ಳುವವನು ನಾನು, ಕರೆ ಬಂದದ್ದು ಅವಳಿಗೆ. ಈ ಗೋಡೆ ಚೆನ್ನಾಗಿ ಮುಗಿದರೆ ಬೆಳಗಾವಿ ಕಡೆಯ ಇನ್ನೊಂದು ಚರ್ಚಿಗೆ ಕಸ್ತೂರಿಯನ್ನು ಕರೆದೊಯ್ದು ಕೆಲಸ ಪೂರ್ತಿ ಕಲಿಸುತ್ತೇನೆ ಎಂದು ಗಿರಿಜಾಬಾಯಿ ಅಪ್ಪನಿಗೆ ಹೇಳಿದ್ದಳು. ಅದೇ ಹೊತ್ತಿಗೆ ಕಳ್ಳಕವಟಗಿ ಎಂಬ ಊರಿನಿಂದ ಕಸ್ತೂರಿಗೆ ಒಂದು ಸಂಬಂಧವೂ ಬಂದಿತ್ತು. ಹೊಲಮನೆ ಇದ್ದವರು. ಮನೆಯಲ್ಲಿ ದಿನವೂ ಅದೇ ಜಗಳ.

“ಬಿಳೇ ಬಾಯಿ ಬೆನ್ನ ಹತ್ತಿ ಊರೂರು ತಿರಗಾಕ ಬಿಡ್ತೀಯೇನು ಹೆಣ್ಣ ಹುಡುಗೀನ?” ಅವ್ವ ಅಪ್ಪನಿಗೆ ಕೇಳುತ್ತಿದ್ದಳು.

“ಗೋಡಿ ನಿಂದ್ರಲಿ ತಡಿ. ಮಳಿಗಾಲ ದಾಟಿ ನಿಂತ್ರ ಹೋಗ್ಲಿ, ಆಕಿ ಕೈಯಾಗ ವಿದ್ಯಾ ಐತಿ ಅಂತ ತಿಳ್ಕೊಳ್ಳೂಣು. ನಿಂದ್ರಲಿಲ್ಲಂದ್ರ ಕಳ್ಳಕವಟಗಿಯವರಿಗೆ ಹೂಂ ಅನ್ನೂಣು.”

ಹೀಗೆ ಅವಳ ಬದುಕನ್ನು ಅಪ್ಪ ಆ ಗೋಡೆಗೆ ಕಟ್ಟಿಬಿಟ್ಟ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಗೋಡೆಯ ಮೇಲೆ ಗಿರಿಜಾಬಾಯಿ ಬರೆಯುತ್ತಿದ್ದದ್ದು ಯೇಸು ಐದು ರೊಟ್ಟಿಯಲ್ಲಿ ಸಾವಿರಾರು ಮಂದಿಗೆ ಊಟ ಹಾಕಿದ ಕಥೆ. ಆದರೆ ಜನ ನಮ್ಮವರು, ಹೊಲ ನಮ್ಮದು, ರೊಟ್ಟಿ ಜೋಳದ್ದು. ಅವ್ವನಿಗೆ ಆ ಕಥೆ ಪೂರ್ತಿ ಒಪ್ಪಿಗೆಯಾಗಲಿಲ್ಲ.

“ಐದ ರೊಟ್ಟಿ ಅಷ್ಟ ಮಂದಿಗಿ ಹ್ಯಾಂಗ ಸಾಕಾತವ್ವ? ಜೋಡಿ ಶೇಂಗಾ ಹಿಂಡಿನಾದ್ರೂ ಇತ್ತೋ ಇಲ್ಲೋ?”

ಮರುದಿನ ಚಿತ್ರದ ಬುಟ್ಟಿಯ ಪಕ್ಕ ಒಂದು ಸಣ್ಣ ಬಟ್ಟಲು ಬಂತು, ಅದರಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ. ಅವ್ವ ಅದನ್ನು ನೋಡಿ ಬಂದು ಓಣಿಗೆಲ್ಲ ಹೇಳಿದಳು. ಮಂದಿಯ ಮುಖಗಳಿಗೆ ಗಿರಿಜಾಬಾಯಿ ನಮ್ಮನ್ನೇ ಎದುರು ಕೂಡಿಸಿ ಇದ್ದಿಲಿನಿಂದ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದಳು. ಅಪ್ಪ ಕುಳಿತ, ಉಸಿರು ಹಿಡಿದು ಕುಳಿತು ಕೆಮ್ಮಿದ. ಅವ್ವ ಹೊಸ ಇಳಕಲ್ ಸೀರೆ ಉಟ್ಟು ಕುಳಿತಳು. ನಮ್ಮ ಎಡಗಡೆಯ ಎತ್ತು ಕೂಡ ನಿಂತಿತು. ನನ್ನ ಸರದಿ ಬಂದಾಗ ನಾನು ಕುಳಿತೆ, ಎದ್ದೆ, ಕಿಡಕಿಗೆ ಹೋಗಿ ಬಂದೆ. ಮತ್ತೆ ಕುಳಿತರೆ ಕಾಲು ತಾನೇ ಕುಣಿಯತೊಡಗಿತು. ಇನ್ನೊಂದು ದಿನ ಮತ್ತೆ ಹಾಗೆಯೇ ಆಯಿತು.

“ಈ ಹುಡುಗನು ಹರಿಯುವ ನೀರಿನಂತೆ ಇದ್ದಾನೆ. ನನಗೆ ಸಾಧ್ಯವಿಲ್ಲ,” ಎಂದು ಅವಳು ಇದ್ದಿಲು ಕೆಳಗಿಟ್ಟಳು.

“ಇಂವ ಹುಟ್ಟುವಾಗೂ ನಿಂದ್ರಲಿಲ್ಲರಿ,” ಎಂದಳು ಅವ್ವ. “ಸೂಲಗಿತ್ತಿ ಚಪ್ಪಲಿ ಬಿಡೂದ್ರಾಗ ಬಂದುಬಿಟ್ಟಿದ್ದ.”

ಎಲ್ಲರೂ ನಕ್ಕರು. ಕಸ್ತೂರಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಮನೆಯ ಎತ್ತಿಗೂ ಗೋಡೆಯ ಮೇಲೆ ಜಾಗ ಸಿಕ್ಕಿತು, ನನಗೆ ಸಿಗಲಿಲ್ಲ. ನನ್ನ ಪಾಲಿಗೆ ಬಂದದ್ದು ಮರಳು.

ಗಾರೆಗೆ ಮಣ್ಣು ಬೆರೆಯದ, ಹರಳಾದ ಮರಳು ಬೇಕಿತ್ತು. ಅಂಥದ್ದು ಸಾರವಾಡದ ಹತ್ತಿರ ಡೋಣಿ ಹೊಳೆಯಲ್ಲಿ ಸಿಗುತ್ತಿತ್ತು. ಆದರೆ ಡೋಣಿಯ ನೀರು ಸವಳು. ಆ ಕಡೆಯವರ ಮನೆಯಲ್ಲಿ ಹೊಳೆಯ ನೀರಿಗೆ ಬೇಳೆ ಬೇಯುವುದಿಲ್ಲ. ಮರಳಿನಲ್ಲೂ ಉಪ್ಪು ಇರುತ್ತದೆ. ಉಪ್ಪು ಗಾರೆಯೊಳಗೆ ಹೋದರೆ ಇವತ್ತು ಕಾಣುವುದಿಲ್ಲ, ಮಳೆಗಾಲದ ತೇವ ಕುಡಿದು ಗೋಡೆ ಮತ್ತೆ ಆರುವಾಗ ಹೊರಗೆ ಬಂದು ಬಣ್ಣವನ್ನು ತಿನ್ನುತ್ತದೆ. ಆದ್ದರಿಂದ ನಾನು ಚಕ್ಕಡಿಯಲ್ಲಿ ತಂದ ಮರಳನ್ನು ಊರೊಳಗಿನ ಮೆಟ್ಟಿಲುಗಳ ಬಾವಡಿಯ ಸಿಹಿನೀರಿನಲ್ಲಿ ತೊಳೆಯಬೇಕು, ನೀರು ಚೆಲ್ಲಿ ಮತ್ತೆ ತೊಳೆಯಬೇಕು. ಕೊನೆಗೆ ಒಂದು ಚಿಟಿಕೆ ನಾಲಗೆಯ ಮೇಲೆ ಇಟ್ಟು ನೋಡಬೇಕು, ಸಪ್ಪಗಿದ್ದರೆ ಮಾತ್ರ ಒಳಗೆ. ರುಚಿ ನೋಡುವುದು ಕಸ್ತೂರಿಯ ಕೆಲಸ. ಗಾರೆ ಕೆಲಸದ ಗೌಂಡಿಗಳು ಸುತ್ತ ನಿಂತಿರುವಾಗ ಅವಳು ಚಿಟಿಕೆ ಮರಳು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಉಗುಳಿ ಹೇಳುತ್ತಿದ್ದಳು:

“ಇನ್ನೂ ಸವಳೈತಿ ಅಣ್ಣಾ. ಇನ್ನೊಮ್ಮಿ ತೊಳಕೊಂಡ ಬಾ.”

“ಏ ಮಲ್ಲ್ಯಾ, ತಂಗಿ ಮೇಸ್ತ್ರಿ ಆಗ್ಯಾಳ, ಅಣ್ಣ ಕೂಲಿ ಆಗ್ಯಾನಲೋ!” ಎಂದು ಗೌಂಡಿಗಳು ನನ್ನ ಹೆಸರು ಹಿಡಿದು ನಗುತ್ತಿದ್ದರು.

ಒಂದು ದಿನ ಊಟದ ಹೊತ್ತಿಗೆ ನಾನು ಸಿಡಿದೆ. “ನಾ ಏನು ನಿನ್ನ ಆಳಲ್ಲ. ನಾಕ ಕಾಳು ಉಪ್ಪು ಇದ್ರ ನಿಮ್ಮ ದೇವರು ಏನ ಸಾಯ್ತಾನೇನು?”

“ದೇವರು ಸಾಯೂದಿಲ್ಲ ಅಣ್ಣಾ. ಗೋಡಿ ಸಾಯ್ತೈತಿ.” ಅವಳು ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು.

“ಆಕಿ ಹೇಳೂದು ಖರೇ ಐತಿ. ತೊಳಿ,” ಎಂದ ಅಪ್ಪ.

ನಾನು ಅರ್ಧ ರೊಟ್ಟಿಗೆ ಎದ್ದು ಹೋದೆ. ಅರ್ಧ ಊಟಕ್ಕೆ ಏಳುವುದು ಮನೆಗೆ ಒಳ್ಳೆಯದಲ್ಲ ಎಂದು ಅವ್ವ ಹಿಂದಿನಿಂದ ಕೂಗುತ್ತಿದ್ದಳು.

ಆ ದಿನಗಳಲ್ಲಿ ಟಿಕೋಟಾದ ಒಬ್ಬ ಲಾರಿ ಮಾಲಕ ನನಗೆ ಆಸೆ ಹಚ್ಚಿದ್ದ. ಹೊನವಾಡದ ಕಡೆಯಿಂದ ಮಾಲು ಹೇರಿಕೊಂಡು ಸೊಲ್ಲಾಪುರಕ್ಕೆ ಹೋಗುವ ಲಾರಿ, ಕ್ಲೀನರ್ ಬೇಕು, ನಾಳೆ ಮಧ್ಯಾಹ್ನದ ಒಳಗೆ ಬಂದು ಕಾಣು ಎಂದಿದ್ದ. ಗೋಡೆಯ ಕೆಲಸ ಆಗ ಕೊನೆಗೆ ಬಂದಿತ್ತು, ಕೆಳಗಿನ ಒಂದು ಮೂಲೆ ಮಾತ್ರ ಉಳಿದಿತ್ತು. ಆ ಮೂಲೆಯನ್ನು ಪೂರ್ತಿ ಕಸ್ತೂರಿಯೇ ಬರೆಯಲಿ ಎಂದು ಗಿರಿಜಾಬಾಯಿ ಬಿಟ್ಟುಕೊಟ್ಟಿದ್ದಳು. ಬಿಸಿಲಿಗೆ ಬಾವಡಿಯ ನೀರು ತಳ ಕಂಡಿತ್ತು. ಮರುದಿನ ಮುಂಜಾನೆ, ಮೆಟ್ಟಿಲು ಇಳಿದು ಕೊಡ ತುಂಬಿ ಹತ್ತಿ ಬರುವಷ್ಟರಲ್ಲಿ ಟಿಕೋಟಾದ ಬಸ್ಸು ತಪ್ಪುತ್ತದೆ ಅನ್ನಿಸಿತು. ನಮ್ಮ ಹಿತ್ತಲಿನ ಬಾವಿ ಹತ್ತಿರವೇ ಇತ್ತು. ಅದೂ ಸವಳು ಬಾವಿ, ಅದರ ನೀರನ್ನು ನಾವು ದನಕ್ಕೆ ಕೂಡ ಕುಡಿಸುತ್ತಿರಲಿಲ್ಲ. ಆ ನೀರಿನಲ್ಲಿ ಮರಳನ್ನು ಒಮ್ಮೆ ಆಡಿಸಿ, ಬುಟ್ಟಿಗೆ ತುಂಬಿ ಚರ್ಚಿಗೆ ಒಯ್ದೆ. ಇನ್ನೂ ಸವಳೈತಿ ಅಂದರೆ ಅನ್ನಲಿ, ಬುಟ್ಟಿ ಅಲ್ಲೇ ಬಿಟ್ಟು ಓಡುತ್ತೇನೆ ಎಂದುಕೊಂಡಿದ್ದೆ.

ಕಸ್ತೂರಿ ಬಾಗಿಲಿಗೆ ಬಂದಳು. ಅವಳ ತುಟಿ ಬಾತಿತ್ತು. ಹಿಂದಿನ ದಿನ ಗಾರೆ ಕಲಸುವಾಗ ಸುಣ್ಣ ಸಿಡಿದು ಬಾಯೊಳಗೆ ಹೋಗಿತ್ತು.

“ಅಣ್ಣಾ, ನನ್ನ ನಾಲಿಗಿ ಸುಟ್ಟೈತಿ, ಏನೂ ತಿಳಿವಲ್ದು. ನೀನs ನೋಡಿ ಹೇಳು.”

ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಉಪ್ಪು. ಹಲ್ಲಿನ ಸಂದಿಗೆಲ್ಲ ಉಪ್ಪು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ದೂರದಲ್ಲಿ ಯಾವುದೋ ಗಾಡಿಯ ಹಾರ್ನ್ ಕೇಳಿಸಿತು.

“ಸಪ್ಪಗೈತಿ,” ಎಂದೆ.

“ಖರೇನಾ?”

“ಸಪ್ಪಗೈತಿ ಅಂದ್ನೆಲ್ಲ. ಮತ್ತ ಯಾಕ ಕೇಳ್ತಿ?”

ಅವಳು ನಕ್ಕು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಾನು ಬಸ್ಸು ಹಿಡಿದೆ. ಟಿಕೋಟಾದಲ್ಲಿ ಲಾರಿಯೂ ಇರಲಿಲ್ಲ, ಮಾಲಕನೂ ಇರಲಿಲ್ಲ. ಬಬಲೇಶ್ವರಕ್ಕೆ ಹೋಗ್ಯಾನ, ಯಾವಾಗ ಬರ್ತಾನೋ ಎಂದು ಚಹದಂಗಡಿಯವನು ಹೇಳಿದ. ನಾನು ಬೇವಿನ ಮರದ ಕೆಳಗೆ ನಿಂತೆ, ರಸ್ತೆಯ ಆಚೆ ನಿಂತೆ, ಮತ್ತೆ ಈಚೆ ಬಂದೆ. ಬಾಯಲ್ಲಿ ಇನ್ನೂ ಮರಳು ಕರಕರ ಎನ್ನುತ್ತಿತ್ತು. ಈಗಲೂ ತಿರುಗಿ ಹೋಗಿ ಹೇಳಿದರೆ ಹಸಿ ಗಾರೆ ಕೆತ್ತಿ ತೆಗೆಯಬಹುದು ಎಂದು ಹೊಳೆಯಿತು. ಒಂದು ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅದನ್ನು ನಾನು ಹತ್ತಿದಾಗ ಹೊತ್ತು ಇಳಿದಿತ್ತು, ಗಾರೆ ಆರಿರುತ್ತದೆ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಹತ್ತಿದೆನೋ ಏನೋ.

ಅಟ್ಟಣಿಗೆ ಬಿಚ್ಚಿದ ಮೇಲೆ ಒಂದು ರವಿವಾರ ಗೋಡೆಯನ್ನು ಎಲ್ಲರಿಗೂ ತೋರಿಸಿದರು. ನಾವೂ ಹೋದೆವು. ಅಪ್ಪ ತನ್ನ ಮುಖ ಹುಡುಕಿದ, ಅವ್ವ ತನ್ನ ಸೀರೆ ಹುಡುಕಿದಳು. ಕಸ್ತೂರಿ ನನ್ನ ತೋಳು ಹಿಡಿದು ಕೆಳಗಿನ ಮೂಲೆಗೆ ಕರೆದೊಯ್ದಳು. ಅಲ್ಲಿ ಒಬ್ಬ ಹುಡುಗ ರೊಟ್ಟಿಯ ಬುಟ್ಟಿ ಹೊತ್ತು ನಿಂತಿದ್ದ. ಊಟಕ್ಕೆ ಕುಳಿತ ಅಷ್ಟೂ ಮಂದಿಯಲ್ಲಿ ಅವನೊಬ್ಬನೇ ನಿಂತವನು. ಮುಖ ಯೇಸುವಿನ ಕಡೆ ಇರಲಿಲ್ಲ, ಹೊರಗಿನ ದಾರಿಯ ಕಡೆ ಇತ್ತು. ಒಂದು ಪಾದ ಆಗಲೇ ಎತ್ತಿದ್ದ.

“ನೀ ಕುಂದ್ರಲಿಲ್ಲಂದ್ರ ಏನಾತು?” ಎಂದಳು. “ನಿನ್ನ ನೋಡಿ ಬರಿಯಾಕ ನೀ ಯಾಕ ಬೇಕು ನನಗ?”

ನಾನು ಆ ದಿನ ತಂದ ಮರಳು ಹೋದದ್ದು ಆ ಮೂಲೆಗೇ. ಗಾರೆಯನ್ನು ಬೆರಳಿನಿಂದ ಮುಟ್ಟಿ ನೋಡಿ ಹೊರಗೆ ಬಂದೆ. ಆ ಮಳೆಗಾಲವಿಡೀ ಏನಾದರೂ ನೆಪ ಮಾಡಿಕೊಂಡು ಚರ್ಚಿನ ಕಡೆ ಹೋಗುತ್ತಿದ್ದೆ, ಬಾಗಿಲಿನವರೆಗೆ ಹೋಗಿ ತಿರುಗಿ ಬರುತ್ತಿದ್ದೆ. ಕಸ್ತೂರಿ ಬೆಳಗಾವಿಗೆ ಒಯ್ಯಲು ಸೀರೆ ಮಡಚಿಡತೊಡಗಿದ್ದಳು, ಮಳೆಗಾಲ ದಾಟಲೆಂದು ಗಿರಿಜಾಬಾಯಿಯೂ ಊರಲ್ಲೇ ಉಳಿದಿದ್ದಳು. ಮಳೆ ನಿಂತು ಬಿಸಿಲು ಹೊಡೆದ ಮೇಲೆ ಸಾಮುವೇಲಪ್ಪನೇ ನಮ್ಮ ಮನೆಗೆ ಬಂದು ಎಲ್ಲರನ್ನೂ ಕರೆದ. ಮೂಲೆಯಲ್ಲಿ ಬುಟ್ಟಿ ಹೊತ್ತ ಹುಡುಗನ ಮೇಲೆ ಬೆಳ್ಳಗೆ ಅರಳೆಯಂಥದ್ದು ಎದ್ದಿತ್ತು. ಮುಖದ ಬಣ್ಣ ಪುಡಿಯಾಗಿ ನೆಲಕ್ಕೆ ಉದುರಿತ್ತು. ಉಳಿದ ಗೋಡೆಗೆ ಏನೂ ಆಗಿರಲಿಲ್ಲ.

ಗಿರಿಜಾಬಾಯಿ ಬೆರಳಿನಿಂದ ಆ ಬಿಳಿಯನ್ನು ಮುಟ್ಟಿ ನಾಲಗೆಗೆ ಇಟ್ಟುಕೊಂಡಳು.

“ಇದು ಉಪ್ಪು,” ಎಂದಳು. “ಆ ದಿನದ ಮರಳನ್ನು ರುಚಿ ನೋಡಿದವರು ಯಾರು?”

ಕಸ್ತೂರಿ ನನ್ನ ಕಡೆ ನೋಡಿದಳು. ನಾನು ಕಿಡಕಿಯ ಕಡೆ ನೋಡಿದೆ. ಸಾಮುವೇಲಪ್ಪ, ಅಪ್ಪ, ಅವ್ವ, ಗೌಂಡಿಗಳು ಎಲ್ಲರೂ ಇದ್ದರು.

“ರುಚಿ ನೋಡೂದು ನನ್ನ ಕೆಲಸರಿ,” ಎಂದಳು ಕಸ್ತೂರಿ.

“ನಾನು ಹೇಳಿದ್ನಿಲ್ರಿ ಬಾಯಾರೆ,” ಎಂದ ಸಾಮುವೇಲಪ್ಪ. “ಸಾಲಿ ಕಲೀಲಾರದ ಹುಡುಗಿ. ಇಂಥಾ ಕೆಲಸ ಆಕಿ ಕೈಯಾಗ ಕೊಡಬಾರದಿತ್ತು.”

ಗಿರಿಜಾಬಾಯಿ ಆ ಮೂಲೆಯನ್ನು ತಾನೇ ಕೆತ್ತಿ ತೆಗೆದು, ಹೊಸ ಗಾರೆ ಮೆತ್ತಿ, ಅಲ್ಲಿ ಬರಿಯ ಜೋಳದ ಹೊಲ ಬರೆದಳು. ಕೊನೆಯ ದಿನ ನಮ್ಮ ಮನೆಗೆ ಬಂದು ಒಲೆಯ ಮುಂದೆ ಕಾಲು ಚಾಚಿ ಕುಳಿತಳು, ರೊಟ್ಟಿ ತಿಂದಳು. ಬೆಳಗಾವಿಯ ಚರ್ಚಿನವರಿಗೆ ಸಾಮುವೇಲಪ್ಪ ವಿಷಯ ತಿಳಿಸಿದ್ದಾನೆ, ಹುಡುಗಿ ಬೇಡ ಅನ್ನುತ್ತಿದ್ದಾರೆ ಎಂದಳು. “ಕಸ್ತೂರಿಯೇ, ಆ ದಿನ ಏನು ಆಯಿತೆಂದು ನನಗೆ ಹೇಳು. ನಾನು ಅವರೊಡನೆ ಮಾತನಾಡುವೆನು,” ಎಂದು ಕೇಳಿದಳು. ಕಸ್ತೂರಿ ತಲೆ ಅಲ್ಲಾಡಿಸಿದಳು. ಗಿರಿಜಾಬಾಯಿಯ ಕಣ್ಣು ಒಮ್ಮೆ ನನ್ನ ಮೇಲೂ ಬಂದು ನಿಂತಿತು. ಹೇಳಬೇಕೆಂದು ನಾನು ಬಾಯಿ ತೆರೆದೆ. ಎತ್ತಿಗೆ ನೀರು ಕುಡಿಸಿ ಬರ್ತೀನಿ ಎಂದು ಹೇಳಿ ಎದ್ದು ಹೋದೆ. ತಿರುಗಿ ಬಂದಾಗ ಅವಳು ಹೋಗಿದ್ದಳು. ಆಮೇಲೆ ನಾವು ಅವಳನ್ನು ನೋಡಲಿಲ್ಲ. ಇನ್ನೂ ಎರಡು ಗೋಡೆ ಬರೆದು ಅಮೆರಿಕಕ್ಕೆ ಹೋದಳಂತೆ, ಅಲ್ಲಿಯೇ ತೀರಿಕೊಂಡಳಂತೆ. ಇವೆರಡೂ ಕೇಳಿದ ಮಾತು.

ಅಪ್ಪ ಕಳ್ಳಕವಟಗಿಯವರಿಗೆ ಹೂಂ ಅಂದ. ಮದುವೆಗೆ ಮನೆಗೆ ಸುಣ್ಣ ಬಳಿಯುವಾಗ ಪಡಸಾಲೆಯ ಗಿಳಿಗಳ ಮೇಲೂ ಬಳಿದರು. ಕಸ್ತೂರಿಯೇ ಬಳಿಯಿರಿ ಅಂದಳು. ಅವಳು ಗಂಡನ ಮನೆಗೆ ಹೋದ ಮೇಲೆ ನನಗೆ ಆ ಮನೆಯಲ್ಲಿ ನಿಲ್ಲಲು ಆಗಲಿಲ್ಲ. ಲಾರಿ ಹತ್ತಿದೆ. ಮೊದಲು ಕ್ಲೀನರ್, ಆಮೇಲೆ ಡ್ರೈವರ್. ಸೊಲ್ಲಾಪುರ, ಪುಣೆ, ಹೈದರಾಬಾದ್. ಯಾವ ಊರಿನಲ್ಲಿ ಗಾಡಿ ನಿಲ್ಲಿಸಿದರೂ ಮಾಲು ಇಳಿಸುವ ಮೊದಲೇ ಹೊರಡುವ ಚಿಂತೆ. ತಂಗಿಯ ಊರಿನ ಹತ್ತಿರ ಹಾದು ಹೋಗುವಾಗ ಗಾಡಿಯನ್ನು ಇನ್ನೂ ಜೋರು ಬಿಡುತ್ತಿದ್ದೆ. ಹೀಗೆ ವರ್ಷಗಳು ಹೋದವು. ಅಪ್ಪ ಸತ್ತ, ಭಟ್ಟಿ ಆರಿತು. ಅಪ್ಪನ ದಿನಕ್ಕೆ ಬಂದಾಗ ಕಸ್ತೂರಿ ನನ್ನ ತಟ್ಟೆಗೆ ಬಡಿಸುತ್ತ, ಅಣ್ಣಾ ಬಾಳ ಸೊರಗೀದಿ, ಒಮ್ಮೆ ಮನೆಗೆ ಬಾ ಎಂದಳು. ಆ ಒಳ್ಳೆಯ ಮಾತನ್ನು ನನಗೆ ತಡೆದುಕೊಳ್ಳಲು ಆಗಲಿಲ್ಲ.

ನಾನು ಕಳ್ಳಕವಟಗಿಗೆ ಹೋದಾಗ ಮುಂಜಾನೆ. ಗಂಡ ಹೊಲಕ್ಕೆ ಹೋಗಿದ್ದ. ಅವಳ ಮಗಳು ಸುವರ್ಣಾ, ಆರು ವರ್ಷದವಳು, ಅಂಗಳದಲ್ಲಿ ಆಡಿನ ಮರಿ ಹಿಡಿದುಕೊಂಡು ಕುಳಿತಿದ್ದಳು. ಕಸ್ತೂರಿ ಗೋಡೆಯ ಕಡೆ ಮುಖ ಮಾಡಿ ಜೋಳ ಹಸನು ಮಾಡುತ್ತಿದ್ದಳು. ಅವಳ ಮನೆಯ ಗೋಡೆಗಳ ಮೇಲೆ ಒಂದು ಗೆರೆ ಕೂಡ ಇರಲಿಲ್ಲ. ಚಹ ಇಡುತ್ತೇನೆ ಎಂದು ಏಳಹೋದವಳನ್ನು ನಾನು ತಡೆದೆ. ನಿಂತುಕೊಂಡೇ ಎಲ್ಲ ಹೇಳಿದೆ. ಹಿತ್ತಲಿನ ಬಾವಿಯ ನೀರು, ಟಿಕೋಟಾದ ಬಸ್ಸು, ಬಾಯಿಗೆ ಹಾಕಿಕೊಂಡ ಚಿಟಿಕೆ. ಅವಳಿಗೆ ಗೊತ್ತಿರಬೇಕು, ಗೊತ್ತಿದ್ದೂ ನನ್ನನ್ನು ಉಳಿಸಿದಳು ಎಂದೇ ನಾನು ಅಷ್ಟು ವರ್ಷ ನಂಬಿದ್ದೆ. ಅವಳ ಕೈ ಮೊರದ ಮೇಲೆ ನಿಂತಿತು.

“ನಿನ್ನ ಬಾಯಾಗ ಉಪ್ಪು ಹತ್ತಿತ್ತು?”

“ಹೂಂ.”

“ಹತ್ತಿದ್ದೂ ಸಪ್ಪಗೈತಿ ಅಂದಿ?”

“ಹೂಂ.”

ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಬಂದ ದನಿಯ ಗುರುತು ನನಗೆ ಸಿಗಲಿಲ್ಲ.

“ನೀ ಹೇಳಿದ್ದು ಖರೇ ಅನಕೊಂಡೆ ನಾನು. ಮರಳು ಸಪ್ಪಗಿತ್ತು, ಹಂಗಾದ್ರ ಉಪ್ಪು ಎಲ್ಲಿಂದ ಬಂತು? ನನ್ನ ಕೈಯಿಂದ. ನನ್ನ ಅಂಗೈ ಬಾಳ ಬೆವರತಾವು. ಗಾರಿ ಮೆತ್ತುವಾಗ, ತಿಕ್ಕುವಾಗ, ನನ್ನ ಬೆವರs ಗೋಡಿಗೆ ಹತ್ತಿ ಕೆಡಿಸ್ತು ಅನಕೊಂಡೆ. ನನ್ನ ಕೈ ಈ ಕೆಲಸಕ್ಕ ಆಗಿ ಬರೂದಿಲ್ಲ ಅನಕೊಂಡೆ. ಅದಕ್ಕs ಬಾಯಾರ ಮುಂದ ಬಾಯಿ ಬಿಡಲಿಲ್ಲ, ನಾಚಿಕಿ ಆತು. ನೀ ಲಾರಿ ಹತ್ತಿ ಊರೂರು ತಿರಗಿದಿ. ನಾ ಇಲ್ಲಿ ಸೀರಿಗೆ ಕೈ ಒರಸ್ಕೋತ ಕುಂತೆ.”

“ಕಸ್ತೂರೀ, ನನ್ನ ತಪ್ಪು...”

“ತಡಿ. ನಿನ್ನ ಮನಸ್ಸು ಹಗುರ ಮಾಡ್ಕೊಳ್ಳಾಕ ಬಂದಿ. ಅದನ್ನ ಆಮ್ಯಾಲ ನೋಡೂಣು.” ಅವಳು ಅಂಗಳದ ಕಡೆ ಕೂಗಿದಳು. “ಸುವರ್ಣಾ, ಬಾ ಇಲ್ಲಿ. ಮರಿ ಬಿಡು, ಬಾ. ಈ ಹುಡುಗಿ ಕೈಯೂ ನನ್ನಂಗs ಬೆವರತಾವು. ಇದ್ದಲಿ ಹಿಡದ್ರ ಕೈ ಮ್ಯಾಲ ಹೊಡದೀನಿ ನಾನು. ನಮ್ಮ ಕೈಗೆ ಅದು ಬ್ಯಾಡಬೇ ಅಂತ ಹೇಳೀನಿ. ಈಕಿಗೆ ಹೇಳು ನೀನು.”

ಹುಡುಗಿ ಬಂದು ತಾಯಿಯ ಸೆರಗು ಹಿಡಿದು ನಿಂತಳು. ನಾನು ಆರು ವರ್ಷದವಳಿಗೆ ತಿಳಿಯುವ ಮಾತು ಹುಡುಕಿದೆ. ನಿಮ್ಮ ಅವ್ವ ಒಂದು ದೊಡ್ಡ ಗೋಡೆಯ ಮೇಲೆ ಚಿತ್ರ ಬರೆದಿದ್ದಳು, ಮಾಮಾ ಉಪ್ಪಿನ ಮರಳು ಕೊಟ್ಟು ಅದರಲ್ಲಿ ಉಪ್ಪಿಲ್ಲ ಎಂದು ಸುಳ್ಳು ಹೇಳಿದ, ಚಿತ್ರ ಕೆಟ್ಟಿತು ಎಂದೆ. ಅವಳು ನನ್ನನ್ನೂ ತಾಯಿಯನ್ನೂ ನೋಡಿದಳು.

“ಹಂಗಾದ್ರ ಅವ್ವನ ಕೈದು ಏನೂ ಇರಲಿಲ್ಲ?”

“ಏನೂ ಇರಲಿಲ್ಲವ್ವ.”

“ಮತ್ತ ನನ್ನ ಕೈದು?”

“ನಿನ್ನ ಕೈದೂ ಏನೂ ಇಲ್ಲ. ಇಬ್ಬರ ಕೈಯೂ ಚಲೋ ಅದಾವ.”

ಅವಳು ತನ್ನ ಎರಡೂ ಅಂಗೈಗಳನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಮತ್ತೇನೂ ಕೇಳದೆ ಅಂಗಳಕ್ಕೆ ಓಡಿದಳು. ಕಸ್ತೂರಿ ನನ್ನ ಕಡೆ ಬೆನ್ನು ಮಾಡಿ ಗೋಡೆಯನ್ನು ನೋಡುತ್ತಿದ್ದಳು.

“ಇನ್ನೊಮ್ಮಿ ಹೇಳು,” ಎಂದಳು.

ನಾನು ಹುಡುಗಿಯನ್ನು ಕರೆಯಲು ಅಂಗಳದ ಕಡೆ ತಿರುಗಿದೆ.

“ಆಕಿಗಲ್ಲ,” ಎಂದಳು ನನ್ನ ತಂಗಿ. “ನನಗ ಹೇಳು.”